ಕೊಡಚಾದ್ರಿಗೆ ಹೊರಡುವ ಮುಂಚೆ ಒಂದು ಚೀಟಿ

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ರಾತ್ರಿ ಇಷ್ಟು ಹೊತ್ತಿಗೆ ನಾವೆಲ್ಲ ಕೊಡಚಾದ್ರಿಯ ತಪ್ಪಲಲ್ಲಿ ಟೆಂಟ್ ಹಾಕಿಕೊಂಡು ಕೂತಿರುತ್ತೇವೆ. ಪ್ರಥಮ ಚಿಕಿತ್ಸೆಯ ತಯಾರಿ ಬಗ್ಗೆ ನಾಲ್ಕು ಮಾತು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ಪೆಟ್ಟಿಗೆಯ ವಿಷಯ ಆಮೇಲೆ ನೋಡೋಣ. ಮೊದಲು ಕೆಲವು ವರ್ಷಗಳ ಹಿಂದೆ ಇದೇ ಬೆಟ್ಟದಲ್ಲಿ ನಡೆದದ್ದನ್ನು ಕೇಳಿ.

ಅವತ್ತು ನಮ್ಮದು 22 ಜನರ ತಂಡ. ಬೆಳಿಗ್ಗೆ ಬೇಗ ಹತ್ತಲು ಶುರು ಮಾಡಿದೆವು. ಹಿಡ್ಲುಮನೆ ಜಲಪಾತ ದಾಟಿದ ಮೇಲೆ ಏರು ಜಾಸ್ತಿ. ಐವತ್ತು ದಾಟಿದ ಒಬ್ಬರು ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಬರುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ತಣ್ಣಗೆ ಗಾಳಿ ಬೀಸುತ್ತಿದ್ದರೂ ಅವರ ಹಣೆ, ಕುತ್ತಿಗೆ ಎಲ್ಲ ಬೆವರು. ಕೈ ನಡುಗುತ್ತಿತ್ತು. "ಏನಾಯ್ತು ಸಾರ್?" ಅಂದರೆ ಏನೋ ಸಂಬಂಧವಿಲ್ಲದ ಉತ್ತರ ಕೊಟ್ಟರು. ನಾನು ಸುಸ್ತು ಅಂದುಕೊಂಡು ನೀರು ಕೊಟ್ಟೆ, ಕೂರಿಸಿದೆ. ಮುಂದೆ ಹೋಗಿದ್ದ ಅವರ ಗೆಳೆಯರು ಓಡಿ ಬಂದು, "ಅವನಿಗೆ ಶುಗರ್ ಇದೆ, ಬೆಳಿಗ್ಗೆ ಇನ್ಸುಲಿನ್ ತಗೊಂಡಿದಾನೆ, ಅವಲಕ್ಕಿ ಅರ್ಧ ಬಿಟ್ಟ" ಅಂದಾಗಲೇ ಗೊತ್ತಾಗಿದ್ದು. ಸಕ್ಕರೆ ಇಳಿದಿತ್ತು. ನನ್ನ ಪೆಟ್ಟಿಗೆಯಲ್ಲಿ ಬ್ಯಾಂಡೇಜು, ಮುಲಾಮು, ಮಾತ್ರೆ ಎಲ್ಲ ಇತ್ತು, ಒಂದು ಚಮಚ ಸಕ್ಕರೆ ಇರಲಿಲ್ಲ. ಒಬ್ಬ ಅಕ್ಕ ತಮ್ಮ ಚೀಲದಿಂದ ಬೆಲ್ಲದ ಉಂಡೆ ತೆಗೆದರು. ನೀರಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆವು. ಎಚ್ಚರ ಇತ್ತು, ನುಂಗುತ್ತಿದ್ದರು, ಹಾಗಾಗಿ ಕುಡಿಸಿದೆವು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಕಾಲು ಗಂಟೆಯಲ್ಲಿ ಅವರ ಮಾತು ಸರಿಯಾಯಿತು. ಆಮೇಲೆ ಬಿಸ್ಕತ್ತು ತಿನ್ನಿಸಿ, ಇಬ್ಬರ ಜೊತೆ ನಿಧಾನವಾಗಿ ಕೆಳಗೆ ಕಳಿಸಿದೆವು.

ಅವತ್ತಿನಿಂದ ನನ್ನ ತಯಾರಿ ಚೀಟಿಯಿಂದ ಶುರುವಾಗುತ್ತದೆ. ಬಾಗಿಲ ಬಳಿ ಇಟ್ಟಿದ್ದೇನೆ, ಹೋಗುವಾಗ ತಗೊಳ್ಳಿ. ನಿಮಗೆ ಇರುವ ಕಾಯಿಲೆ, ದಿನಾ ನುಂಗುವ ಮಾತ್ರೆ, ಯಾವ ಔಷಧಿ ಅಥವಾ ಯಾವ ಹುಳ ಕಚ್ಚಿದರೆ ಮೈಗೆ ಆಗುವುದಿಲ್ಲ, ಮನೆಯವರ ಫೋನ್ ನಂಬರು. ಇಷ್ಟೇ. ಆಸ್ತಮಾ ಇದೆ ಅಂತ ಬರೆಯಲು ನಾಚಿಕೆ ಬೇಡ. ಇನ್ಹೇಲರ್ ಇರುವವರು ಅದನ್ನು ಜೇಬಲ್ಲಿ ಇಟ್ಟುಕೊಳ್ಳಿ, ಜೀಪಿನಲ್ಲಿ ಬಿಟ್ಟ ಬ್ಯಾಗಿನಲ್ಲಿ ಅಲ್ಲ. ಹೆಜ್ಜೇನು ಕಚ್ಚಿ ಹಿಂದೆ ಯಾವಾಗಲಾದರೂ ತುಟಿ ಊದಿ ಉಸಿರು ಕಟ್ಟಿದ್ದರೆ ಅದನ್ನು ಖಂಡಿತ ಬರೆಯಿರಿ.

ಇನ್ನು ದಾರಿ. ಕೊಡಚಾದ್ರಿ 1,343 ಮೀಟರ್ ಎತ್ತರ, ಹೊಸನಗರ ತಾಲ್ಲೂಕಿಗೆ ಸೇರಿದ್ದು. ನಿಟ್ಟೂರಿನ ಕಡೆಯಿಂದ ಹೋಗುವ ನಮಗೆ ತಾಲ್ಲೂಕು ಆಸ್ಪತ್ರೆ ಅಂದರೆ ಹೊಸನಗರ. ಕೊಲ್ಲೂರಿನ ಕಡೆ ಇಳಿದರೆ ಕುಂದಾಪುರ. ಎರಡೂ ಪಕ್ಕದ ಬೀದಿಯಲ್ಲಿಲ್ಲ. 108ಕ್ಕೆ ಫೋನ್ ಮಾಡಬೇಕಾದರೆ ಮೊದಲು ಸಿಗ್ನಲ್ ಸಿಗಬೇಕು, ಆಂಬುಲೆನ್ಸ್ ಬರುವ ಜಾಗಕ್ಕೆ ನಾವೇ ಇಳಿದು ಬರಬೇಕು. ಹಾಗಾಗಿ ಟೆಂಟ್ ಹೂಡುವ ಮುಂಚೆಯೇ ಎರಡು ಕೆಲಸ. ಫೋನ್ ಎಲ್ಲಿ ನಿಂತರೆ ಸಿಗುತ್ತದೆ ಅಂತ ಊರಿನವರನ್ನು ಕೇಳುವುದು. ರಾತ್ರಿ ಅಲ್ಲೇ ಇರುವ ಒಂದು ಜೀಪನ್ನು, ಅದರ ಡ್ರೈವರನ್ನು ಗೊತ್ತು ಮಾಡಿಕೊಳ್ಳುವುದು.

ಹಾವು ಕಚ್ಚಿದರೆ ಆ ಜೀಪೇ ದೊಡ್ಡ ಔಷಧಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಗೆಜ್ಜೆ, ವಾಚು ಬಿಚ್ಚಿ. ಕಚ್ಚಿದ ಕೈಯೋ ಕಾಲೋ ಅಲುಗದ ಹಾಗೆ ಒಂದು ಕೋಲು ಆನಿಸಿ ಸಡಿಲವಾಗಿ ಕಟ್ಟಿ, ಹೊತ್ತುಕೊಂಡು ಹೊರಡಿ. ಹಾವನ್ನು ಹಿಡಿಯಲು ಹೋಗಬೇಡಿ. ಟೆಂಟಿನಲ್ಲಿ ಮಲಗುವವರು ಕಟ್ಟುಹಾವಿನ ಬಗ್ಗೆ ತಿಳಿದಿರಬೇಕು. ಅದು ಓಡಾಡುವುದು ರಾತ್ರಿ, ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ಬೆಳಿಗ್ಗೆ ರೆಪ್ಪೆ ಎತ್ತಲು ಆಗುತ್ತಿಲ್ಲ, ಹೊಟ್ಟೆ ನೋವು ಅಂತ ಯಾರಾದರೂ ಅಂದರೆ ಕಾಯಬೇಡಿ. ಅದಕ್ಕೇ ಟೆಂಟಿನ ಜಿಪ್ ಸದಾ ಹಾಕಿರಲಿ, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ಇಂಬಳದ ಭಯ ಎಲ್ಲರಿಗೂ ಇದೆ, ಅಲ್ವಾ? ಅದು ಮಳೆಗಾಲದ ಗಿರಾಕಿ, ರಕ್ತ ಸ್ವಲ್ಪ ಹೊತ್ತು ಸುರಿದರೂ ಅಂಥ ಅಪಾಯವಿಲ್ಲ. ಉಗುರಿನಿಂದ ಬಾಯಿ ಬಿಡಿಸಿ, ತೊಳೆದು, ಒತ್ತಿ ಹಿಡಿದರೆ ಸಾಕು. ನನಗೆ ಹೆಚ್ಚು ಚಿಂತೆ ಇರುವುದು ಉಣುಗಿನ ಬಗ್ಗೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ, ಇಂಗ್ಲಿಷಿನಲ್ಲಿ ಟಿಕ್. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ ಅಂತ ಹೆಸರಾಯಿತು. ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇವರೆಗೆ ಕಾಟ ಜಾಸ್ತಿ, ಅಂದರೆ ನಾವು ಹೋಗುವ ಕಾಲವೇ. ಮರಿ ಉಣುಗು ಎಳ್ಳಿಗಿಂತ ಸಣ್ಣದು. ತರಗೆಲೆ ಮೇಲೆ ಸುಮ್ನೆ ಕೂರಬೇಡಿ. ಉದ್ದ ತೋಳು, ಪ್ಯಾಂಟಿನ ಅಂಚು ಸಾಕ್ಸಿನೊಳಗೆ. ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಆ ಭಾಗದಲ್ಲಿ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಒಳ್ಳೆಯದು. ಸಂಜೆ ಬಂದವರೇ ಬಿಸಿನೀರಿನ ಸ್ನಾನ, ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಇದರಲ್ಲಿ ಇನ್ನೊಂದಿದೆ. ಜ್ವರ ಬರುವುದು ಸಾಮಾನ್ಯವಾಗಿ 3ರಿಂದ 8 ದಿನದ ಮೇಲೆ. ಅಷ್ಟರಲ್ಲಿ ನೀವು ಬೆಂಗಳೂರಿನಲ್ಲಿ ಆಫೀಸಿಗೆ ಹೋಗುತ್ತಿರುತ್ತೀರಿ. ನೀವು ಬಾಯಿಬಿಟ್ಟು ಹೇಳದಿದ್ದರೆ ಇಲ್ಲಿನ ಡಾಕ್ಟರು ಡೆಂಗಿ ಅಂದುಕೊಳ್ಳಬಹುದು. "ಕೊಡಚಾದ್ರಿ ಕಾಡಿಗೆ ಹೋಗಿದ್ದೆ" ಅನ್ನುವುದು ಮೊದಲ ಮಾತಾಗಲಿ. ಅದಕ್ಕೂ ಮುಂಚೆ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಅಡುಗೆ ಮಾಡುವವರಿಗೆ ಒಂದು ಮಾತು. ಒಲೆಯ ಪಕ್ಕ ಎರಡು ಕೊಡ ತಣ್ಣೀರು ಯಾವಾಗಲೂ ತುಂಬಿರಲಿ. ಗಂಜಿ ಚೆಲ್ಲಿ ಸುಟ್ಟರೆ 20 ನಿಮಿಷ ನೀರು ಹಾಕುತ್ತಲೇ ಇರಬೇಕು. ನಲ್ಲಿ ಇಲ್ಲದ ಕಡೆ ಅಷ್ಟು ನೀರು ಆ ಗಳಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಟೂತ್‌ಪೇಸ್ಟ್ ಹಚ್ಚಬೇಡಿ.

ಪೆಟ್ಟಿಗೆ ನಾನು ತರುತ್ತೇನೆ. ಗಾಜ್, ಕ್ರೇಪ್ ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ಚಿಮಟ, ಕೈಗವಸು, ಅಯೋಡಿನ್ ಮುಲಾಮು, ಓಆರ್‌ಎಸ್, ಈಗ ಸಕ್ಕರೆಯೂ. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಓದಿ, ದೊಡ್ಡದು ಒಂದು ಲೀಟರಿಗೆ, ಸಣ್ಣದು ಒಂದು ಲೋಟಕ್ಕೆ. ಪೆಟ್ಟಿಗೆಯ ಬಣ್ಣ ಕೆಂಪು, ಅಡುಗೆ ಟೆಂಟಿನ ಬಾಗಿಲಲ್ಲಿ ನೇತಾಡುತ್ತಿರುತ್ತದೆ. ಕತ್ತಲಲ್ಲೂ ಸಿಗಲಿ ಅಂತ ಅದರ ಹಿಡಿಗೆ ಒಂದು ಟಾರ್ಚ್ ಕಟ್ಟಿರುತ್ತೇನೆ.

ಈಗ ಮುಂದಿನ ಸಾಲಿನಿಂದ ಇಬ್ಬರು ಬನ್ನಿ. ಒಬ್ಬರು ಎಡಗಾಲಿನ ಶೂ ಬಿಚ್ಚಿ ಕೂತುಕೊಳ್ಳಿ. ಕಾಲು ಉಳುಕಿದಾಗ ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತುತ್ತೇವೆ, ಹೀಗೆ. ಬೆರಳ ತುದಿ ಹೊರಗೇ ಇರಲಿ, ನೀಲಿಯಾದರೆ ತಕ್ಷಣ ಸಡಿಲಿಸಬೇಕು. ಉಳಿದವರೂ ಪಕ್ಕದವರ ಜೊತೆ ಜೋಡಿಯಾಗಿ, ಒಬ್ಬೊಬ್ಬರೂ ಒಂದು ಸಲ ಸುತ್ತಿಯೇ ಹೋಗಿ.