ಹೂತಿಟ್ಟ ಹೆಸರು

ಎಲ್ಲರಿಗೂ ನಮಸ್ಕಾರ.

ಮುಂಬಯಿಯಲ್ಲಿದ್ದು ಮರಾಠಿ ಮದುವೆಯ ಊಟ ಮಾಡದ ಕನ್ನಡಿಗರು ಕಡಿಮೆ. ತಟ್ಟೆಯಲ್ಲಿ ಅಕ್ಕಿ ಹರಡಿ, ವರ ಅದರಲ್ಲಿ ವಧುವಿನ ಹೊಸ ಹೆಸರು ಬರೆಯುವುದನ್ನು ನೋಡಿರುತ್ತೀರಿ. ನಮ್ಮ ಕರಾವಳಿಯ ಕೆಲವು ಮನೆತನಗಳಲ್ಲೂ ಈ ರೂಢಿ ಇತ್ತು. ಹಳೆಯ ಹೆಸರು ಆಮೇಲೆ ತವರಿನವರ ಬಾಯಲ್ಲಷ್ಟೇ ಉಳಿಯುತ್ತದೆ.

ಮಾರ್ಗರೆಟ್ ಅಟ್ವುಡ್ ಅವರ 'ದ ಹ್ಯಾಂಡ್‌ಮೇಡ್ಸ್ ಟೇಲ್' (1985) ಕಾದಂಬರಿಯ ನಿರೂಪಕಿಗೆ ಆ ತವರೂ ಇಲ್ಲ. ಅಮೆರಿಕದ ಸರ್ಕಾರವನ್ನು ಉರುಳಿಸಿ ಎದ್ದ ಗಿಲಿಯಡ್ ಎಂಬ ಧರ್ಮರಾಜ್ಯದಲ್ಲಿ ಅವಳಿಗಿರುವ ಕೆಲಸ ಒಂದೇ, ಆಳುವ ವರ್ಗದ ಕಮಾಂಡರ್ ಒಬ್ಬನಿಗೆ ಮಗು ಹೆತ್ತುಕೊಡುವುದು; ಇಂಥವರೇ ಹ್ಯಾಂಡ್‌ಮೇಡ್‌ಗಳು. ಹೆಸರು ಆಫ್‌ಫ್ರೆಡ್, ಅಂದರೆ ಫ್ರೆಡ್‌ನವಳು. ಮನೆ ಬದಲಾದರೆ ಹೆಸರೂ ಬದಲು. ನಿಜವಾದ ಹೆಸರನ್ನು ಅವಳು, ಮುಂದೊಂದು ದಿನ ಅಗೆದು ತೆಗೆಯುವ ನಿಧಿಯ ಹಾಗೆ, ಹೂತಿಟ್ಟುಕೊಳ್ಳುತ್ತಾಳೆ. ನಮಗೂ ಹೇಳುವುದಿಲ್ಲ. ಮೊದಲ ಅಧ್ಯಾಯದ ಕೊನೆಯಲ್ಲಿ ಪಿಸುಗುಟ್ಟುವ ಐದು ಹೆಸರುಗಳಿಂದ 'ಜೂನ್' ಎಂದು ಊಹಿಸಿದವರು ಓದುಗರು. ತನ್ನ ಮೂಲ ಉದ್ದೇಶ ಅದಾಗಿರಲಿಲ್ಲ ಎಂದು ಅಟ್ವುಡ್ ಅವರೇ ಬರೆದಿದ್ದಾರೆ. 2017ರ ಟಿವಿ ಸರಣಿ ಆ ಊಹೆಯನ್ನೇ ಗಟ್ಟಿ ಮಾಡಿತು. ಸರಣಿ ನೋಡಿ ಪುಸ್ತಕ ತೆರೆದವರ ದೂರು ಸಾಮಾನ್ಯವಾಗಿ ಒಂದೇ: ಇವಳು ಏನೂ ಮಾಡುವುದಿಲ್ಲವಲ್ಲ?

ಮಾಡುತ್ತಾಳೆ, ರಾತ್ರಿ. ಕಾದಂಬರಿಯ 15 ಭಾಗಗಳಲ್ಲಿ ಏಳಕ್ಕೆ 'ರಾತ್ರಿ' ಎಂದೇ ಹೆಸರು. ಪೇಟೆಗೆ ಹೋಗುವುದು, ಇನ್ನೊಬ್ಬಳ ಹೆರಿಗೆಗೆ ಹೋಗುವುದು, ಇವೆಲ್ಲ ರಾಜ್ಯ ಹೊರಿಸಿದ ಕೆಲಸ, ರಾತ್ರಿಯಷ್ಟೇ ಅವಳದು. ಓದುವಾಗ ಕ್ರಿಯಾಪದಗಳ ಮೇಲೆ ಕಣ್ಣಿಡಿ. ಗಿಲಿಯಡ್ ಬಹುಮಟ್ಟಿಗೆ ವರ್ತಮಾನಕಾಲದಲ್ಲಿದೆ, ಹಿಂದಿನ ಬದುಕು ಭೂತಕಾಲದಲ್ಲಿ. ಒಂದೇ ಪ್ಯಾರಾದಲ್ಲಿ ಕಾಲ ಜಾರಿತೆಂದರೆ ಅವಳು ಕೋಣೆಯಿಂದ ಹೊರಬಿದ್ದಳೆಂದೇ ಲೆಕ್ಕ. ಅನುವಾದಿಸುವವರು ಎಲ್ಲವನ್ನೂ 'ಹೋದೆ, ಬಂದೆ' ಎಂದು ಒಂದೇ ಅಚ್ಚಿಗೆ ಹಾಕಿದರೆ ಆ ಕಿಂಡಿ ಮುಚ್ಚಿಹೋಗುತ್ತದೆ.

ಹಾಗೆಂದು ಅವಳ ನೆನಪು ಸಿಹಿಯಲ್ಲ. 28ನೇ ಅಧ್ಯಾಯ ನೋಡಿ. ಸಿಗರೇಟು ಕೊಳ್ಳಲು ಹೋದರೆ ಅಂಗಡಿಯಲ್ಲಿ ಅವಳ ಖಾತೆ ನಡೆಯುವುದಿಲ್ಲ. ಅದೇ ದಿನ ಕೆಲಸವೂ ಹೋಗುತ್ತದೆ. ಹೆಂಗಸರು ಆಸ್ತಿ ಹೊಂದುವಂತಿಲ್ಲ; ಅವಳ ಹಣವನ್ನು ಇನ್ನು ಗಂಡ ಲ್ಯೂಕ್ ಬಳಸಬಹುದು. ಲ್ಯೂಕ್ ಕೆಟ್ಟವನಲ್ಲ. ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ ಎಂಬ ಧಾಟಿಯಲ್ಲೇ ಸಮಾಧಾನ ಹೇಳುತ್ತಾನೆ. ಆದರೆ ಇದರಿಂದ ಇವನಿಗೇನೂ ಬೇಸರವಾದಂತಿಲ್ಲ ಎಂಬ ಅನುಮಾನ ಅವಳೊಳಗೆ ಹೊಕ್ಕುಬಿಡುತ್ತದೆ. ಮುಂದೆ ಅವನು ಕಾಣೆಯಾಗುತ್ತಾನೆ. ಹಗಲಿರುಳು ಅವನಿಗಾಗಿ ಹಂಬಲಿಸುತ್ತಾಳೆ. ಆದರೂ ಆ ಅನುಮಾನವನ್ನು ಅಳಿಸುವುದಿಲ್ಲ. ಹಳೆಯ ಕಾಲದ ಬಗ್ಗೆ ಗಿಲಿಯಡ್‌ನವರು ಒಂದೇ ಕಥೆ ಹೇಳುತ್ತಾರೆ. ಅದಕ್ಕೆ ಪ್ರತಿಯಾಗಿ ಇವಳೂ ಒಂದು ಚೆಂದದ ಕಥೆ ಕಟ್ಟಬಹುದಿತ್ತು. ಕಟ್ಟುವುದಿಲ್ಲ. ನನ್ನ ಮಟ್ಟಿಗೆ ಅವಳ ಅತಿ ದೊಡ್ಡ ಅವಿಧೇಯತೆ ಇದೇ.

ಲ್ಯೂಕ್‌ಗೆ ಏನಾಯಿತು? ಮೂರು ಉತ್ತರಗಳಿವೆ: ಗುಂಡೇಟಿಗೆ ಸತ್ತ, ಸೆರೆಯಲ್ಲಿದ್ದಾನೆ, ತಪ್ಪಿಸಿಕೊಂಡ. ಒಂದನ್ನೊಂದು ಸುಳ್ಳಾಗಿಸುವ ಮೂರನ್ನೂ ಅವಳು ಒಟ್ಟಿಗೇ ನಂಬುತ್ತಾಳೆ. ಕಮಾಂಡರನ ಕಾರು ಚಾಲಕ ನಿಕ್ ಜೊತೆ ಕಳೆದ ಮೊದಲ ರಾತ್ರಿಯನ್ನು ಹೇಳಿ, ಇದು ಕಟ್ಟುಕಥೆ ಎನ್ನುತ್ತಾಳೆ. ಇನ್ನೊಮ್ಮೆ ಹೇಳಿ, ಹೀಗೂ ನಡೆಯಲಿಲ್ಲ ಎನ್ನುತ್ತಾಳೆ. ವಿಮರ್ಶೆಯಲ್ಲಿ ಇದಕ್ಕೆ 'ನಂಬಲರ್ಹಳಲ್ಲದ ನಿರೂಪಕಿ' ಎಂಬ ಹಣೆಪಟ್ಟಿ ಸಿದ್ಧವಾಗಿದೆ. ಆದರೆ ನಂಬಿಸುವ ಆಸೆ ಇದ್ದವರು ತಮ್ಮ ಮಾತನ್ನು ತಾವೇ ಹೊಡೆದುಹಾಕುತ್ತಾರೆಯೇ? ಅಂದಹಾಗೆ, ಕೇಳುವವರೇ ಇಲ್ಲದಿದ್ದರೂ ಅವಳು 'ನೀನು' ಎಂದು ಯಾರನ್ನೋ ಕರೆಯುತ್ತಾಳೆ. ಬೀಸುವ ಪದಗಳಲ್ಲಿ ನಮ್ಮ ಹೆಂಗಸರು, ಮರಾಠಿಯ ಬೀಸುವ ಹಾಡುಗಳಾದ ಓವಿಗಳಲ್ಲಿ ಇಲ್ಲಿಯವರು, ಬೀಸುವ ಕಲ್ಲನ್ನೇ ಕರೆದು ಹೇಳಿಕೊಂಡಂತೆ.

ಊಟದ ಬೆಣ್ಣೆಯನ್ನು ಶೂ ಒಳಗೆ ಬಚ್ಚಿಟ್ಟು ರಾತ್ರಿ ಮುಖಕ್ಕೆ ಹಚ್ಚಿಕೊಳ್ಳುವುದೂ ಇದೇ ಜಾತಿಯ ಕೃತ್ಯ. ಕ್ರೀಮು ನಿಷಿದ್ಧ, ಚರ್ಮ ಮೃದುವಾಗಿ ಉಳಿದರೆ ಎಂದಾದರೂ ಹೊರಗೆ ಹೋಗುತ್ತೇನೆಂಬ ನಂಬಿಕೆ.

ಈ ಒಳಬಂಡಾಯ ಸೋಲುವುದೂ ಉಂಟು. ನಿಕ್ ಸಿಕ್ಕ ಮೇಲೆ ಅವಳಿಗೆ ಆ ಮನೆಯೇ ಸಾಕೆನಿಸುತ್ತದೆ. ಭೂಗತ ಜಾಲದ ಇನ್ನೊಬ್ಬ ಹ್ಯಾಂಡ್‌ಮೇಡ್ ಆಫ್‌ಗ್ಲೆನ್ ಕಮಾಂಡರನ ಕಾಗದಪತ್ರ ಹುಡುಕಲು ಹೇಳಿದರೆ ಜಾರಿಕೊಳ್ಳುತ್ತಾಳೆ. ಅದನ್ನೂ ಮುಚ್ಚಿಡುವುದಿಲ್ಲ, ನಾಚಿಕೆಯಿಂದಲೇ ಹೇಳುತ್ತಾಳೆ.

ಇಷ್ಟೂ ನಮಗೆ ತಲುಪಿದ್ದು ಹೇಗೆಂಬುದು ಅನುಬಂಧದಲ್ಲಿದೆ. ಇಸವಿ 2195, ವಿದ್ವಾಂಸರ ಸಮ್ಮೇಳನ. ಬ್ಯಾಂಗರ್ ಊರಲ್ಲಿ ಸಿಕ್ಕ ಲೋಹದ ಪೆಟ್ಟಿಗೆಯಲ್ಲಿ ಸುಮಾರು 30 ಕ್ಯಾಸೆಟ್‌ಗಳು. ಪ್ರತಿಯೊಂದರ ಆರಂಭದಲ್ಲಿ ಕಣ್ಣುತಪ್ಪಿಸಲು ಹಾಡು. ಕ್ರಮಸಂಖ್ಯೆ ಇರಲಿಲ್ಲ. ಹಾಗಾಗಿ ನಾವು ಓದಿದ ಕ್ರಮವೇ ಪ್ರೊಫೆಸರ್ ಪೀಕ್ಸೋಟೊ ಮತ್ತು ಅವನ ಸಹೋದ್ಯೋಗಿಯ ಊಹೆ. ಅವಳು ತನ್ನ ನೆನಪನ್ನು ಎಷ್ಟು ಸಲ ತಿದ್ದಿದರೂ ಕೊನೆಗೆ ಜೋಡಿಸಿದವರು ಗಂಡಸರು. ಪ್ರೊಫೆಸರನ ಕುತೂಹಲವೆಲ್ಲ ಆ ಫ್ರೆಡ್ ಯಾರು ಎಂಬುದರಲ್ಲಿ. ಆ ಫ್ರೆಡ್‌ನ ಖಾಸಗಿ ಕಂಪ್ಯೂಟರಿನಿಂದ 20 ಪುಟ ಸಿಕ್ಕಿದ್ದರೂ ಸಾಕಿತ್ತು ಎಂದು ಹಲುಬುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಪ್ರಶ್ನೆಗಳಿವೆಯೇ ಎಂದು ಅವನು ಕೇಳುವಲ್ಲಿಗೆ ಕಾದಂಬರಿ ಮುಗಿಯುತ್ತದೆ.

ನಾನೂ ಅಲ್ಲಿಗೇ ನಿಲ್ಲಿಸುತ್ತೇನೆ. ಕೇಳಿ.