ರಗಳೆ ಬೇಡ ಅಂತ ಎಲ್ಲಾ ಹಲ್ಲು ಕೀಳಿಸುವವರಿಗೆ

ನಮಸ್ಕಾರ. ಶಿರಸಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ, ಸ್ವಲ್ಪ ಸದ್ದು ಬರಬಹುದು.

ಮೊನ್ನೆ ಒಂದು ಮದುವೆ ಊಟಕ್ಕೆ ಮಾವನ ಪಕ್ಕ ಕೂತಿದ್ದೆ. ಅಪ್ಪೆಹುಳಿ ಮೂರು ಸಲ ಹಾಕಿಸಿಕೊಂಡು ಕುಡಿದರು. ಹಪ್ಪಳ ಮಾತ್ರ ಅನ್ನದ ಅಡಿಗೆ ಹೋಯಿತು, ನೆನೆಯಲಿ ಅಂತ. "ಹಲ್ಲು ಏನಾಯ್ತು ಮಾವ?" ಅಂದೆ. "ಎಲ್ಲಾ ಕೀಳಿಸಿ ಸೆಟ್ ಹಾಕಿಸ್ಕಂಡ್ರಾತು ತಮಾ, ರಗಳೆನೇ ಬ್ಯಾಡ."

ನನ್ನ ತಕರಾರು ಇರುವುದು ಆ ಮಾತಿಗೇ.

ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸುಮ್ನೆ ಕೂರುವುದಿಲ್ಲ, ಸವೆಯುತ್ತಾ ಹೋಗುತ್ತದೆ. ಇವತ್ತು ಬಿಗಿಯಾಗಿ ಕೂತ ಸೆಟ್ ಕೆಲವು ವರ್ಷಕ್ಕೆ ಸಡಿಲ, ಕೆಳಗಿನದಂತೂ ಜಾಸ್ತಿ. ಬೇರು ಗಟ್ಟಿ ಇದ್ದ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬಹುದು. ಉಳಿಯದೇ ಇದ್ದದ್ದನ್ನು ಮಾತ್ರ ತೆಗೆದರೆ ಸಾಕಲ್ವಾ? ಆ ಜಾಗಕ್ಕೆ ಇಂಪ್ಲಾಂಟ್ ಇದೆ, ಅಂದರೆ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು. ಟೈಟಾನಿಯಂ ಸ್ಕ್ರೂ ಮೂಳೆಗೆ ಕೂಡಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. 1965ರಲ್ಲೇ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ರೋಗಿಯೊಬ್ಬರಿಗೆ ಹಾಕಿದ್ದರು, ಹೊಸ ಪವಾಡವೇನಲ್ಲ.

ಹಲ್ಲೆಲ್ಲ ಸವೆದವರಿಗೆ ಇನ್ನೊಂದು ತೊಂದರೆ. ಬಾಯಿ ಮುಚ್ಚಿದಾಗ ಗದ್ದ ಮೂಗಿನ ಹತ್ತಿರ ಬಂದುಬಿಡುತ್ತದೆ. ಹಲ್ಲು ಸವೆದು ಕಳೆದುಹೋದ ಆ ಎತ್ತರವನ್ನು ವಾಪಸ್ ತರಬೇಕು. ಅದಕ್ಕೇ ಮೊದಲು ತಾತ್ಕಾಲಿಕ ಕ್ಯಾಪ್ ಹಾಕಿ ಕೆಲವು ವಾರ ನೋಡುತ್ತಾರೆ: ಅಗಿಯಲು ಬರುತ್ತದಾ, 'ಸ' 'ಶ' ಸರಿ ಬರುತ್ತದಾ, ಕಿವಿಯ ಹತ್ತಿರ ನೋವಾ? ಈ ಹಂತ ಬಿಟ್ಟು ನೇರ ಪಕ್ಕಾ ಕ್ಯಾಪಿಗೆ ಹಾರುವವರಿದ್ದರೆ ನಾನಂತೂ ಎದ್ದು ಬರುತ್ತೇನೆ.

ಈಗ ಕವಳದ, ಅಂದರೆ ಎಲೆ-ಅಡಿಕೆಯ ವಿಷಯ. ನಮ್ಮದೂ ಅಡಿಕೆ ತೋಟವೇ, ಬೈಯಬೇಡಿ. ಅಡಿಕೆ ಅಗಿದು ಅಗಿದು ಕೆಲವರ ಕೆನ್ನೆಯ ಒಳಭಾಗ ಗಡುಸಾಗುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ನಿಮ್ಮದೇ ಮೂರು ಬೆರಳು ಜೋಡಿಸಿ ಮೇಲೆ ಕೆಳಗಾಗಿ ಬಾಯಲ್ಲಿಟ್ಟು ನೋಡಿ. ಹೋಗಲಿಲ್ಲವೋ, ಡಾಕ್ಟರ ಸಲಕರಣೆಯಾದರೂ ಹೇಗೆ ಹೋಗುತ್ತದೆ? ಇದು ಕ್ಯಾನ್ಸರಿಗೂ ತಿರುಗಬಹುದು. ಹಲ್ಲಿನ ಕೆಲಸ ಆಮೇಲೆ, ಮೊದಲು ಬಾಯಿ ತೋರಿಸಿ.

ದುಡ್ಡು? ಪೂರ್ತಿ ಬಾಯಿಗೆ ಇಂಪ್ಲಾಂಟ್ ಅಂದರೆ ಲೆಕ್ಕ ಲಕ್ಷದಲ್ಲಿ. ಬಿಪಿಎಲ್ ಹಿರಿಯರಿಗೆ ಉಚಿತ ಸೆಟ್ ಕೊಡಲು ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು, ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ದೊಡ್ಡ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗುವುದಾದರೆ ಸುಮಾರು 100 ಕಿ.ಮೀ., ಒಂದೊಂದು ಸಲವೂ ಒಂದು ದಿನ ಹೋಯಿತು. ಎಷ್ಟು ಸಲ ಬರಬೇಕು ಅಂತ ಮೊದಲೇ ಕೇಳಿ.

ಮಾವ ಎಕ್ಸ್‌ರೇ ತೆಗೆಸಿದರು. ಒಂಬತ್ತು ಹಲ್ಲು ಉಳಿಯುತ್ತವಂತೆ. ಡಾಕ್ಟರಿಗೆ ಅವರು ಕೇಳಿದ್ದು ಒಂದೇ: "ಅಲ್ಲಿವರೆಗೆ ಕವಳ ಹಾಕ್ಬಹುದಾ?"