ಚಳಿಗಾಲದ ಮನೆಖರ್ಚು: ಮೊದಲು ಮೀಟರ್ ನೋಡಿ

ಹಾಸನದಲ್ಲಿ ಚಳಿ ಶುರುವಾದ್ರೆ ಗೀಸರ್ ಆಫ್ ಮಾಡೋಕೆ ಯಾರಿಗೂ ಮನಸ್ಸು ಬರಲ್ಲ. ತಿಂಗಳ ಲೆಕ್ಕ ತಪ್ಪೋದು ಹೆಚ್ಚಾಗಿ ಅಲ್ಲೇ. ಗೃಹಜ್ಯೋತಿ ಇದೆಯಲ್ಲ ಅಂತ ಸುಮ್ಮನಿರಬೇಡಿ. ಹಿಂದಿನ ಸರಾಸರಿ ಬಳಕೆ ನೋಡಿ ನಿಮ್ಮ ಮನೆಗೆ ಒಂದು ಉಚಿತ ಮಿತಿ ಇಟ್ಟಿರ್ತಾರೆ. ಅದನ್ನ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ಅದಕ್ಕೇ, ಬಿಲ್ ಕೊಟ್ಟುಹೋದ ದಿನ ಮೀಟರ್ ಅಂಕಿಯನ್ನ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಮೀಟರ್‌ನಲ್ಲಿ ಅಂಕಿಗಳು ಒಂದಾದ ಮೇಲೊಂದು ಬರ್ತಾವೆ, ಪಕ್ಕದಲ್ಲಿ ಕೆಡಬ್ಲ್ಯೂಎಚ್ (kWh, ಅಂದ್ರೆ ಯೂನಿಟ್) ಅಂತ ಇರೋದೇ ನಿಮಗೆ ಬೇಕಾದ್ದು. ಹದಿನೈದು ದಿನಕ್ಕೆ ಮತ್ತೆ ನೋಡಿ. ಆಗಲೇ 100 ಯೂನಿಟ್ ಹತ್ತಿರ ಬಂದಿದ್ರೆ ಕೈ ಬಿಗಿ ಹಿಡೀಬೇಕು. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದ್ರೆ 1 ಯೂನಿಟ್. 15 ಲೀಟರ್ ನೀರು ಕಾಯೋಕೆ ಸುಮಾರು ಇಪ್ಪತ್ತು ನಿಮಿಷ ಸಾಕು. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಒಬ್ಬರು ಆರಕ್ಕೆ, ಇನ್ನೊಬ್ಬರು ಒಂಬತ್ತಕ್ಕೆ ಅಂದ್ರೆ ಆರಿದ ನೀರನ್ನೇ ಮತ್ತೆ ಕಾಯಿಸ್ತೀರಿ.

ಗ್ಯಾಸ್ ವಿಷಯ. ಬೇಳೆ ಅರ್ಧ ಗಂಟೆ ನೆನೀಲಿ, ಹುರುಳಿಕಾಳನ್ನ ರಾತ್ರಿಯೇ ನೆನೆಹಾಕಿ. ಕುಕ್ಕರ್ ಮೊದಲ ವಿಷಲ್ ಹಾಕಿದ ಮೇಲೆ ಉರಿ ಸಣ್ಣ ಮಾಡಿ. ಒಳಗಿನ ಶಾಖ ಸುಮಾರು 120 ಡಿಗ್ರಿಗೆ ನಿಲ್ಲುತ್ತೆ, ಎಷ್ಟೇ ಉರಿ ಕೊಟ್ಟರೂ ಆವಿ ಹೊರಗೆ ಹೋಗುತ್ತೆ ಹೊರತು ಬೇಳೆ ಬೇಗ ಬೇಯಲ್ಲ. ಉರಿ ಹಳದಿಯಾಗಿ ಪಾತ್ರೆ ತಳ ಮಸಿ ಹಿಡೀತಿದ್ರೆ ಬರ್ನರ್ ತೂತು ಕಟ್ಟಿರಬಹುದು. ತಣ್ಣಗಾದ ಮೇಲೆ ಸೋಪಿನ ಬಿಸಿನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ. ಪೂರ್ತಿ ಒಣಗಿಸಿಯೇ ಹಾಕಿ. ತೇವ ಉಳಿದ್ರೆ ಉರಿ ಒಂದೇ ಸಮ ಬರಲ್ಲ.

ಎಣ್ಣೆ ಪ್ಯಾಕೆಟ್ ಕೊಳ್ಳುವಾಗ ಗ್ರಾಂ ಓದಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ನೋಡೋಕೆ ಅಷ್ಟೇ ದಪ್ಪ ಇರೋ 850, 800 ಗ್ರಾಂ ಪ್ಯಾಕೆಟ್‌ಗಳೂ ಅಂಗಡಿಯಲ್ಲಿವೆ. ಬೆಲೆಯನ್ನ ಗ್ರಾಂನಿಂದ ಭಾಗಿಸಿ, ಸಾವಿರದಿಂದ ಗುಣಿಸಿ, ಕೆಜಿ ಲೆಕ್ಕದಲ್ಲಿ ಹೋಲಿಸಿ.

ಇನ್ನು ಕಾಫಿಪುಡಿ. ತೋಟದ ಸೀಮೆಯಲ್ಲಿದ್ದೂ ಅದರ ಬೆಲೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಅಗ್ಗದ ಪ್ಯಾಕೆಟ್ ಸಿಕ್ತು ಅಂತ ಖುಷಿಪಡೋ ಮೊದಲು ಚಿಕೋರಿ ಶೇಕಡ ಎಷ್ಟು ಅಂತ ಓದಿ. ಕಾನೂನಿನ ಪ್ರಕಾರ ಅದು ಶೇ 49ರವರೆಗೂ ಇರಬಹುದು. 60:40 ಪುಡಿ ಅರ್ಧ ಕೆಜಿ ಕೊಂಡ್ರೆ ನಿಮಗೆ ಸಿಗೋ ಕಾಫಿ 300 ಗ್ರಾಂ ಮಾತ್ರ. ಕಾಫಿ ವರ್ಕ್ಸ್‌ಗೆ ಹೋಗಿ, ಬೇಕಾದ ಅಳತೆ ಹೇಳಿ, ಎದುರಿಗೇ ಪುಡಿ ಮಾಡಿಸಿ. ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ. ಘಮ ಹೋದ ಪುಡಿಯನ್ನ ಫಿಲ್ಟರ್‌ಗೆ ಒಂದು ಚಮಚ ಜಾಸ್ತಿಯೇ ಹಾಕ್ತೀವಿ.